ದಾನದ ದೇಶ, ಕಾಲ, ಪಾತ್ರ

ದೇಶ, ಕಾಲ, ಪಾತ್ರಗಳನ್ನು ಅರಿತು ದಾನ ಮಾಡಬೇಕೆಂಬುದು ನಮ್ಮಲ್ಲಿ ಬಹು ಹಿಂದಿನಿಂದ ಬಂದ ಮಾತು. ಹಸಿದು ಬಾಗಿಲಿಗೆ ಬಂದವನಿಗೆ ಅನ್ನವಿಡುವಾಗ ಈ ವಿವೇಚನೆ ಕಷ್ಟವೇನಲ್ಲ. ಕೊಡುವ ಕೈ ಒಂದು ಖಂಡದಲ್ಲಿದ್ದು, ಪಡೆಯುವ ಕೈ ಇನ್ನೊಂದು ಖಂಡದಲ್ಲಿರುವಾಗ ಈ ಮೂರನ್ನೂ ಅರಿಯುವವರು ಯಾರು? ಭೂಕಂಪ, ಪ್ರವಾಹ, ಕ್ಷಾಮಗಳಲ್ಲಿ ನೆರವಿಗೆ ಧಾವಿಸುವ ಸೇವಾಸಂಸ್ಥೆಗಳು ಆ ಹೊಣೆಯನ್ನು ಹೊತ್ತಿವೆ. ಹಣಕ್ಕೆ ಕಾಲುಂಟು, ಕಣ್ಣಿಲ್ಲ; ಆ ಕಣ್ಣಿನ ಕೆಲಸವನ್ನು ಮಾಡುವುದು ಅಂಕಿ-ಅಂಶ.

ಮೊದಲು ದೇಶದ ವಿಚಾರ. 2010ರ ಜನವರಿ 12ರಂದು ಕೆರಿಬಿಯನ್ ಸಮುದ್ರದ ಹೈಟಿಯಲ್ಲಿ ಭೂಮಿ ನಡುಗಿ, ರಾಜಧಾನಿ ಪೋರ್ಟ್-ಒ-ಪ್ರಿನ್ಸ್ ನಗರದ ಬಹುಭಾಗ ನೆಲಕ್ಕೊರಗಿತು. ಹಣವೇನೋ ಹರಿದು ಬಂದಿತು. ಮೊಬೈಲಿನಿಂದ ಒಂದು ಕಿರುಸಂದೇಶ ಕಳುಹಿಸಿ ಹತ್ತು ಡಾಲರು ಕೊಡುವ ಏರ್ಪಾಡೊಂದರಿಂದಲೇ ಅಮೆರಿಕದ ರೆಡ್ ಕ್ರಾಸ್ ಸಂಸ್ಥೆಗೆ 3 ಕೋಟಿ ಡಾಲರಿಗೂ ಮೀರಿ ಕೂಡಿತು. ಆದರೆ ಬಂದಿಳಿದ ತಂಡಗಳ ಕೈಯಲ್ಲಿ ಆ ನಗರದ ವಿವರವಾದ ನಕ್ಷೆ ಇರಲಿಲ್ಲ. ಯಾವ ಬೀದಿ ಎಲ್ಲಿಗೆ ಹೋಗುತ್ತದೆ, ಯಾವ ದಾರಿ ಮುಚ್ಚಿದೆ ಎಂದು ತಿಳಿಯದೆ ಔಷಧದ ಗಾಡಿ ಎತ್ತ ಹೊರಡಬೇಕು? ಆಗ, ಯಾರು ಬೇಕಾದರೂ ಸೇರಿ ಬರೆಯಬಹುದಾದ ‘ಓಪನ್ ಸ್ಟ್ರೀಟ್ ಮ್ಯಾಪ್’ ಎಂಬ ಭೂಪಟದ ನೂರಾರು ಸ್ವಯಂಸೇವಕರು ದೂರದೂರದ ಊರುಗಳಲ್ಲಿ ಕುಳಿತು, ಉಪಗ್ರಹದ ಚಿತ್ರಗಳನ್ನು ನೋಡಿ, ಬೀದಿಗಳನ್ನೂ ಉರುಳಿದ ಕಟ್ಟಡಗಳನ್ನೂ ನಿರಾಶ್ರಿತರ ಬಿಡಾರಗಳನ್ನೂ ಗುರುತಿಸಿದರು. ಕೆಲವೇ ದಿನಗಳಲ್ಲಿ ರಕ್ಷಣಾ ತಂಡಗಳು ಆ ನಕ್ಷೆಯನ್ನು ಹಿಡಿದು ನಡೆದವು. ಆ ಸ್ವಯಂಸೇವಕರು ಕೊಟ್ಟದ್ದು ತಮ್ಮ ಬಿಡುವಿನ ವೇಳೆ, ಅದೂ ದಾನವೇ.

ಇನ್ನು ಕಾಲ. ನೆರೆಯ ಚಿತ್ರ ಕಂಡು, ಮನ ಕರಗಿ, ಹಣ ಕೂಡಿ, ಅದು ಸಂತ್ರಸ್ತನನ್ನು ಮುಟ್ಟುವಷ್ಟರಲ್ಲಿ ಅವನು ದನ ಮಾರಿ ಸಾಲಕ್ಕೆ ಬಿದ್ದಿರುತ್ತಾನೆ. ಮುನ್ಸೂಚನೆಯನ್ನೇ ಆಧಾರವಾಗಿಟ್ಟುಕೊಂಡು ಮುಂಗಡವಾಗಿ ಹಣ ಕೊಡುವ ಕ್ರಮ ಹುಟ್ಟಿದ್ದು ಇದಕ್ಕಾಗಿ. 2020ರ ಜುಲೈನಲ್ಲಿ ಬಾಂಗ್ಲಾದೇಶದ ಜಮುನಾ ನದಿಯ ನೆರೆಯ ಮುನ್ಸೂಚನೆಯು, ಮೊದಲೇ ಗೊತ್ತುಮಾಡಿದ್ದ ಮಟ್ಟವನ್ನು ಮುಟ್ಟಿದೊಡನೆ, ವಿಶ್ವಸಂಸ್ಥೆಯ ತುರ್ತು ನಿಧಿಯಿಂದ 52 ಲಕ್ಷ ಡಾಲರು ಬಿಡುಗಡೆಯಾಯಿತು. ನೀರು ತುತ್ತತುದಿಗೆ ಏರುವ ಮುನ್ನವೇ ಸಾವಿರಾರು ಬಡ ಕುಟುಂಬಗಳಿಗೆ ತಲಾ 4,500 ಟಾಕಾ ತಲಪಿತು. ಹಣ ಪಡೆದ ಮನೆಗಳಲ್ಲಿ ದಿನವಿಡೀ ಉಪವಾಸ ಬೀಳುವ ಪ್ರಸಂಗ ಕಡಿಮೆಯಾಯಿತೆಂದು ಮುಂದೆ ನಡೆದ ಅಧ್ಯಯನ ತೋರಿಸಿತು. ಹಣ ಅದೇ, ಕೆಲವು ದಿನ ಮೊದಲೇ ಬಂದುದರಿಂದ ಅದರ ಬೆಲೆ ಹೆಚ್ಚಿತು.

ಪಾತ್ರದ ವಿವೇಚನೆ ಎಲ್ಲಕ್ಕಿಂತ ಕಠಿಣವಾದುದು. ಏಕೆಂದರೆ ಅಲ್ಲಿ ದಾನಿಯ ಮನಸ್ಸೇ ಅಡ್ಡಬರಬಹುದು. 2004ರ ಡಿಸೆಂಬರ್ 26ರ ಸುನಾಮಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಲೋಕವೆಲ್ಲ ಕೊಡುಗೈಯಾಯಿತು. ಆದರೆ ‘ಗಡಿಗಳಿಲ್ಲದ ವೈದ್ಯರು’ ಎಂಬ ಸಂಸ್ಥೆ ತಾನು ಅಲ್ಲಿ ಮಾಡಬಹುದಾದ ಕೆಲಸವನ್ನು ಲೆಕ್ಕ ಹಾಕಿ, 2005ರ ಜನವರಿಯ ಮೊದಲ ದಿನಗಳಲ್ಲೇ, ಸುನಾಮಿಗೆಂದು ಇನ್ನು ಹಣ ಬೇಡವೆಂದು ಸಾರಿತು. ಬಂದ ಹಣದಲ್ಲಿ ಮಿಕ್ಕದ್ದನ್ನು ಬೇರೆ ಕಡೆ ಬಳಸಬಹುದೇ ಎಂದು ದಾನಿಗಳನ್ನು ಕೇಳಿತು. ಒಪ್ಪದವರಿಗೆ ಹಿಂದಿರುಗಿಸಲು ಸಿದ್ಧವಾಯಿತು. ಬಹುಮಂದಿ ಒಪ್ಪಿದರು. ಆ ಹಣ ಸೂಡಾನಿನ ದಾರ್ಫುರ್‌ಗೂ, ನೈಜರಿನ ಹಸಿದ ಮಕ್ಕಳಿಗೂ ಹೋಯಿತು. ಕ್ಷಾಮವು ಸಮುದ್ರದ ಅಲೆಯಂತೆ ಒಮ್ಮೆಗೇ ಕಣ್ಣಿಗೆ ರಾಚುವಂಥದಲ್ಲ. ಅದನ್ನು ಅಳೆದೇ ಕಾಣಬೇಕು. ಅಳೆಯುವ ಸಾಧನವೂ ಸರಳ: ಕೆಂಪು, ಹಳದಿ, ಹಸಿರು ಬಣ್ಣದ ಒಂದು ಪಟ್ಟಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಪಟ್ಟಿ ಕೆಂಪನ್ನು ತೋರುತ್ತದೆ. ಆ ಮಗುವಿಗೆ ಕೂಡಲೇ ಚಿಕಿತ್ಸೆಯಾಗಬೇಕು. ಹಾಗೆ ಎಷ್ಟು ತೋಳುಗಳು ಕೆಂಪು ತೋರಿದವು ಎಂಬ ಲೆಕ್ಕವೇ ಆಹಾರ ಯಾವ ಹಳ್ಳಿಗೆ ಮೊದಲು ಹೋಗಬೇಕೆಂಬುದನ್ನು ಹೇಳುತ್ತದೆ.

ಈ ಕಣ್ಣಿಗೂ ರೆಪ್ಪೆಯ ಕಾವಲು ಬೇಕು. 2022ರ ಜನವರಿಯಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಗಣಕಯಂತ್ರಗಳಿಗೆ ಕನ್ನ ಬಿತ್ತು. ಯುದ್ಧ, ವಲಸೆ, ವಿಪತ್ತುಗಳಲ್ಲಿ ತಮ್ಮವರಿಂದ ಅಗಲಿದವರೂ ಸೇರಿದಂತೆ 5,15,000ಕ್ಕೂ ಹೆಚ್ಚು ಜನರ ವಿವರಗಳು ಪರರ ಪಾಲಾದವು. ಎಲ್ಲವನ್ನೂ ಕಳೆದುಕೊಂಡವನು ನೆರವಿನ ಸಾಲಿನಲ್ಲಿ ನಿಂತು ತನ್ನ ಹೆಸರನ್ನು ಬರೆಸುವಾಗ, ತನ್ನಲ್ಲಿ ಉಳಿದಿರುವ ಏಕಮಾತ್ರ ಆಸ್ತಿಯಾದ ನಂಬಿಕೆಯನ್ನೇ ಒಪ್ಪಿಸುತ್ತಾನೆ. ಅಗತ್ಯಕ್ಕಿಂತ ಹೆಚ್ಚು ಕೇಳದಿರುವುದು, ಕೇಳಿದ್ದನ್ನು ಕಾಪಾಡುವುದು ಸೇವೆಯ ಭಾಗವೇ ಆಗಿದೆ.

ದಾನಿಗಳಾದ ನಮಗೂ ಇಲ್ಲಿ ಒಂದು ಪಾಠವುಂಟು. ಸಂಸ್ಥೆಯಿಂದ ಲೆಕ್ಕ ಕೇಳುವುದು ನಮ್ಮ ಹಕ್ಕು, ಕೇಳಲೇಬೇಕು. ಆದರೆ ಆ ಲೆಕ್ಕದಲ್ಲಿ ವಿಶ್ವಾಸ ಹುಟ್ಟಿದ ಮೇಲೆ, ಇಂಥ ಊರಿಗೇ ಎಂದು ಹಣವನ್ನು ಕಟ್ಟಿಹಾಕದೆ, ಎಲ್ಲಿ ಹೆಚ್ಚು ಅಗತ್ಯವೋ ಅಲ್ಲಿಗೆ ಎಂದು ಬರೆದುಕೊಟ್ಟರೆ, ಯಾವ ಪತ್ರಿಕೆಯ ಚಿತ್ರದಲ್ಲೂ ಕಾಣಿಸದ ಒಂದು ಮಗುವಿನ ತೋಳಿಗೂ ನಮ್ಮ ಕೈ ಎಟುಕೀತು.