ಅಣಬೆಯ ಗುರುತು ಬುಡದಲ್ಲಿದೆ

ಮುಂಗಾರು ಹಿಡಿದು ಕೆಲವು ವಾರ ಕಳೆದರೆ ಸಾಕು, ಕರಾವಳಿಯ ಮುರಕಲ್ಲಿನ ಗುಡ್ಡೆಗಳಲ್ಲಿ, ದನ ಮೇಯುವ ಬೇಣಗಳಲ್ಲಿ, ಹುಲ್ಲಿನ ನಡುವೆ ಬಿಳಿ ಕೊಡೆಗಳು ಏಳತೊಡಗುತ್ತವೆ. ಒಂದೇ ಗುಡ್ಡೆಯಲ್ಲಿ ಊಟಕ್ಕೆ ಒದಗುವ ಅಣಬೆಯೂ ಇರುತ್ತದೆ, ಆಸ್ಪತ್ರೆಗೆ ಸೇರಿಸುವ ಅಣಬೆಯೂ ಇರುತ್ತದೆ. ಎರಡನ್ನೂ ಬೇರ್ಪಡಿಸಲು ನಾವು ಸಾಮಾನ್ಯವಾಗಿ ನೋಡುವುದು ಕೊಡೆಯ ಬಣ್ಣ ಮತ್ತು ಆಕಾರವನ್ನು. ನೆಚ್ಚಿಕೊಳ್ಳಲು ಅತಿ ಕಡಿಮೆ ಯೋಗ್ಯವಾದ ಭಾಗವೂ ಅದೇ. ಜೀವಿಯ ನಿಜವಾದ ಒಡಲು ಮಣ್ಣಿನೊಳಗೆ ಹರಡಿದ ಎಳೆಗಳ ಜಾಲ. ನಮ್ಮ ಕಣ್ಣಿಗೆ ಬೀಳುವ ಕೊಡೆ ಬೀಜಕಗಳನ್ನು ಉದುರಿಸಲು ಅದು ಕೆಲವೇ ದಿನಗಳ ಮಟ್ಟಿಗೆ ಎತ್ತಿ ಹಿಡಿಯುವ ಅಂಗ. ಮೊಗ್ಗಾಗಿದ್ದಾಗ ಮೊಟ್ಟೆಯಂತೆ, ಅರಳಿದಾಗ ತಟ್ಟೆಯಂತೆ, ಬಿಸಿಲಿಗೆ ಬಿರಿದು, ಮಳೆಗೆ ತೊಯ್ದು, ಅದು ಮೂರೇ ದಿನದಲ್ಲಿ ಮೂರು ಮುಖ ತೋರಿಸುತ್ತದೆ. ಮೇಲಾಗಿ ಕರಾವಳಿಯ ಜಡಿಮಳೆ ಕೊಡೆಯ ಮೇಲಿನ ಹುರುಪೆಗಳನ್ನು ತೊಳೆದುಹಾಕುತ್ತದೆ, ಕಾಂಡದ ಉಂಗುರವನ್ನು ಕಳಚಿಬಿಡುತ್ತದೆ. ಪುಸ್ತಕದ ಚಿತ್ರದಲ್ಲಿ ಕಾಣುವ ಲಕ್ಷಣಗಳೇ ಗುಡ್ಡೆಯ ಅಣಬೆಯಲ್ಲಿ ಉಳಿದಿರುವುದಿಲ್ಲ. ಹಾಗಾಗಿ ಗುರುತಿಸುವ ಕೆಲಸ ಶುರುವಾಗಬೇಕಾದದ್ದು ಬುಡದಿಂದ: ಇದು ಯಾವುದನ್ನು ತಿಂದು ಬದುಕುತ್ತಿದೆ ಎಂಬ ಪ್ರಶ್ನೆಯಿಂದ.

ಈ ಒಂದು ಪ್ರಶ್ನೆ ಇಟ್ಟುಕೊಂಡು ಹೋದರೆ ಗುಡ್ಡೆಯ ಅಣಬೆಗಳು ತಾವಾಗಿಯೇ ಗುಂಪುಗುಂಪಾಗಿ ಬೇರ್ಪಡುತ್ತವೆ. ಸೆಗಣಿಯ ಮೇಲೆಯೇ ಎದ್ದ, ತೆಳ್ಳಗಿನ ಕಾಂಡದ, ಗಂಟೆಯಾಕಾರದ ಅಣಬೆ ಬಹುಮಟ್ಟಿಗೆ ಪೆನಿಯೋಲಸ್ ಕುಲದ್ದು. ಅದರ ಬೀಜಕ ಕಪ್ಪು. ಸೆಗಣಿಯಲ್ಲೇ ಬೆಳೆಯುವ, ಚಿವುಟಿದರೆ ನೀಲಿಗಟ್ಟುವ ಸಿಲೊಸೈಬ್ ಕುಲದಲ್ಲಿ ಮತಿಭ್ರಮೆ ತರುವ ಸಿಲೊಸೈಬಿನ್ ಇರುತ್ತದೆ. ನಮ್ಮ ದೇಶದಲ್ಲಿ ಅದು ಮಾದಕ ವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ಗುಡ್ಡೆಯ ಅಂಚಿನ ಕುರುಚಲು ಕಾಡಿನಲ್ಲಿ ಮರದ ಬೇರುಗಳೊಂದಿಗೆ ಕೊಡು-ಕೊಳ್ಳುವ ಸಂಬಂಧ ಬೆಳೆಸಿಕೊಂಡು, ಗೋಲಿಯಂತೆ ಮಣ್ಣಲ್ಲಿ ಹುದುಗಿರುವುದು ಕಲ್ಲಣಬೆ. ಅದನ್ನು ನಡುವೆ ಸೀಳಿದಾಗ ಒಳಗೆಲ್ಲ ಒಂದೇ ಸಮ ಬಿಳಿಯಾಗಿದ್ದರೆ ಎಳೆಯದು, ಕಪ್ಪಾಗಿದ್ದರೆ ಬಲಿತು ತಿನ್ನಲು ಬಾರದ್ದು. ಸೀಳಿದಲ್ಲಿ ಪುಟ್ಟ ಕೊಡೆ ಮತ್ತು ಕಾಂಡದ ಆಕಾರ ಕಂಡರೆ ಅದು ಕಲ್ಲಣಬೆಯೇ ಅಲ್ಲ. ಇನ್ನೂ ಅರಳದ ಬೇರೊಂದು ಅಣಬೆಯ ಮೊಟ್ಟೆ, ಪ್ರಾಣಾಂತಿಕವಾದ ಅಮಾನಿಟ ಕುಲದ್ದೂ ಆಗಿರಬಹುದು. ಇವಿಷ್ಟರಲ್ಲಿ ಗೊಂದಲ ಕಡಿಮೆ. ನಿಜವಾದ ತೊಡಕಿರುವುದು ಬಯಲು ಹುಲ್ಲಿನ ನಡುವೆ ಏಳುವ ದೊಡ್ಡ, ಬೆಳ್ಳನೆಯ ಕೊಡೆಗಳಲ್ಲಿ.

ಇಲ್ಲಿ ಇಬ್ಬರು ಮುಖ್ಯರು. ಒಂದು ಎಲ್ಲರೂ ಆಸೆಯಿಂದ ಹುಡುಕುವ ಹುತ್ತದ ಅಣಬೆ. ಫ್ರಾನ್ಸಿನ ಶಿಲೀಂಧ್ರತಜ್ಞ ರೋಜೆ ಹೈಮ್ 1942ರಲ್ಲಿ ಇದಕ್ಕೆ ಟರ್ಮಿಟೊಮೈಸಿಸ್ ಎಂಬ ಕುಲನಾಮ ಕೊಟ್ಟ. ಗೆದ್ದಲು ತರಗೆಲೆ, ಕಟ್ಟಿಗೆಗಳನ್ನು ತಿಂದು, ಅರೆಜೀರ್ಣವಾದ ಮಲದಿಂದ ನೆಲದೊಳಗೆ ಸ್ಪಂಜಿನಂಥ ತೋಟ ಕಟ್ಟುತ್ತದೆ. ಅದರ ಮೇಲೆ ಬೆಳೆಯುವ ಶಿಲೀಂಧ್ರ ಗೆದ್ದಲಿಗೆ ಅರಗದ ಮರದಂಶವನ್ನು ಒಡೆದುಕೊಡುತ್ತದೆ. ಗೆದ್ದಲು ಆ ಶಿಲೀಂಧ್ರವನ್ನೂ ಹಳೆಯ ತೋಟವನ್ನೂ ತಿನ್ನುತ್ತದೆ. ಆಫ್ರಿಕದಲ್ಲಿ ಸುಮಾರು 3 ಕೋಟಿ ವರ್ಷಗಳ ಹಿಂದೆ ಶುರುವಾದ ಬೇಸಾಯ ಇದು, ಮನುಷ್ಯನ ಬೇಸಾಯ ಅದರೆದುರು ನಿನ್ನೆ ಮೊನ್ನೆಯದು. ಮಳೆಗಾಲದಲ್ಲಿ ಈ ತೋಟದಿಂದ ಅಣಬೆ ಮೇಲೇಳಬೇಕಾದರೆ ಗಟ್ಟಿ ಮಣ್ಣನ್ನು ಕೊರೆಯಬೇಕು. ಅದಕ್ಕೆಂದೇ ಕೊಡೆಯ ನೆತ್ತಿಯಲ್ಲಿ ಚೂಪಾದ ಮೊನೆ, ಕಾಂಡದ ಕೆಳಗೆ ತೋಟದವರೆಗೂ ಇಳಿದ ಉದ್ದನೆಯ ಬೇರು. ಇನ್ನೊಂದು ಕ್ಲೋರೋಫಿಲ್ಲಮ್ ಮೊಲಿಬ್ಡೈಟಿಸ್. ಉಷ್ಣವಲಯದ ಹುಲ್ಲುಗಾವಲುಗಳಲ್ಲೆಲ್ಲ ಮಾಮೂಲಾದ ಇದು ಅಣಬೆ ವಿಷಬಾಧೆಗೆ ಪದೇ ಪದೇ ಕಾರಣವಾಗುವ ಜಾತಿ. ಇದಕ್ಕೆ ಗೆದ್ದಲು ಬೇಕಿಲ್ಲ, ಮಣ್ಣಿನ ಕೊಳೆತ ಹುಲ್ಲುಸೊಪ್ಪೇ ಸಾಕು. ಎಳೆಗಳು ನಡುವಿನಿಂದ ಎಲ್ಲ ದಿಕ್ಕಿಗೂ ಹರಡುತ್ತ ಹೋಗುವುದರಿಂದ ಕೊಡೆಗಳು ಹಲವೊಮ್ಮೆ ಬಳೆಯಾಕಾರದಲ್ಲಿ ಸುತ್ತ ಏಳುತ್ತವೆ. ಕಾಂಡ ಮೇಲ್ಮಣ್ಣಿನಲ್ಲೇ ಉಬ್ಬಿದ ಗಡ್ಡೆಯಾಗಿ ಮುಗಿಯುತ್ತದೆ.

ಎಳೆಯದರಲ್ಲಿ ಎರಡರ ಕೊಡೆಯಡಿಯ ಪದರುಗಳೂ ಬಿಳಿ. ಕ್ಲೋರೋಫಿಲ್ಲಮ್‌ನ ಪದರು ಬೂದುಹಸಿರಾಗುವುದು ಬಲಿತ ಮೇಲೆ. ನಾವು ಅಡುಗೆಗೆ ಆರಿಸುವುದೋ ಎಳೆಯದನ್ನೇ. ಇಲ್ಲಿ ಬೀಜಕಗಳ ಬಣ್ಣ ನೆರವಿಗೆ ಬರುತ್ತದೆ. ಆಗತಾನೇ ಅರಳಿದ ಕೊಡೆಯನ್ನು ಕಾಂಡದಿಂದ ಬೇರ್ಪಡಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಪದರು ಕೆಳಮುಖವಾಗಿ ಇಟ್ಟು, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಕಾಗದದ ಮೇಲೆ ಹುಡಿ ಉದುರಿರುತ್ತದೆ. ಹಸಿರಾಗಿದ್ದರೆ ಕ್ಲೋರೋಫಿಲ್ಲಮ್ ಮೊಲಿಬ್ಡೈಟಿಸ್ ಎಂದು ಎತ್ತಿ ಎಸೆಯಬಹುದು. ಬಿಳಿಯಾಗಿದ್ದರೆ ಅಮಾನಿಟ ಅಥವಾ ಲೆಪಿಯೋಟ ಕುಲಗಳ ಶಂಕೆ ಬರಬೇಕು. ಹುತ್ತದ ಅಣಬೆಯದು ಮಾಸಲು ಗುಲಾಬಿ. ಆದರೆ ಗುಲಾಬಿ ಕಂಡೊಡನೆ ಒಲೆ ಹಚ್ಚುವಂತಿಲ್ಲ. ಹುಲ್ಲಿನಲ್ಲೇ ಬೆಳೆಯುವ ಎಂಟೊಲೋಮ ಕುಲದ ಬೀಜಕವೂ ಗುಲಾಬಿ, ಅದರಲ್ಲಿ ವಿಷದ ಜಾತಿಗಳೂ ಇವೆ. ಅದರ ಪದರು ಸಾಮಾನ್ಯವಾಗಿ ಕಾಂಡಕ್ಕೆ ಅಂಟಿರುತ್ತದೆ, ಹುತ್ತದ ಅಣಬೆಯದು ಅಂಟಿರುವುದಿಲ್ಲ. ಬೀಜಕದ ಬಣ್ಣ ಅಣಬೆಯನ್ನು ಪಟ್ಟಿಯಿಂದ ಹೊರಹಾಕಲು ಸಮರ್ಥ. ಒಳಗೆ ಸೇರಿಸಿಕೊಳ್ಳಲು ಅದೊಂದೇ ಸಾಲದು. ನೆತ್ತಿಯ ಮೊನೆ, ಬಿಡಿಯಾದ ಪದರು, ಗುಲಾಬಿ ಬೀಜಕ, ಗೆದ್ದಲಿನ ತೋಟಕ್ಕೆ ಇಳಿದ ಬೇರು, ಇವೆಲ್ಲ ಒಟ್ಟಿಗೆ ಕೂಡಿಬರಬೇಕು.

ಇಷ್ಟೆಲ್ಲ ಯಾಕೆ, ನಮ್ಮ ಅಜ್ಜಿಯಂದಿರು ಯಾವ ಕಾಗದದ ಮೇಲೆ ಹುಡಿ ಉದುರಿಸಿದ್ದರು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕರಾವಳಿಯಲ್ಲಿ ಆಟಿಯ ತಿಂಗಳಿನ ಊಟದಲ್ಲಿ ಕಣಿಲೆ, ತಗತೆ ಸೊಪ್ಪಿನ ಜೊತೆ ಅಣಬೆಗೂ ಹಿಂದಿನಿಂದ ಜಾಗವಿದೆ. ಆದರೆ ಅವರು ಹೋಗುತ್ತಿದ್ದದ್ದು ಕಂಡ ಕಂಡ ಕಡೆಗಲ್ಲ. ವರ್ಷವೂ ಅದೇ ಗುಡ್ಡೆಯ ಅದೇ ಜಾಗಕ್ಕೆ, ಮಳೆಯ ಅದೇ ಹೊತ್ತಿಗೆ. ಗೂಡು ನೆಲದೊಳಗೆ ಜೀವಂತವಾಗಿರುವವರೆಗೂ ಅಣಬೆ ಅಲ್ಲಿ ಮತ್ತೆ ಮತ್ತೆ ಏಳುವುದರಿಂದ ಜಾಗದ ಆ ನೆನಪು ಬುಡವನ್ನೇ ಓದುವ ಒಂದು ವಿಧಾನ. ಮೇಲೆ ಹುತ್ತ ಕಾಣದಿದ್ದರೂ ಕೆಳಗೆ ಗೂಡಿರಬಹುದು ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಈ ಜ್ಞಾನಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಜಾಗ ಬಿಟ್ಟು ಬಂದ ಸೂತ್ರಗಳಿಗೆ: ಬೇಯಿಸುವಾಗ ಬೆಳ್ಳುಳ್ಳಿ ಕಪ್ಪಾದರೆ ವಿಷ, ಬೆಳ್ಳಿ ಮಂಕಾದರೆ ವಿಷ, ಹುಳ ತಿಂದಿದ್ದರೆ ಒಳ್ಳೆಯದು. ಬೆಳ್ಳಿ ಮಂಕಾಗುವುದು ಗಂಧಕದ ಸಂಯುಕ್ತಗಳಿಂದ, ಅಣಬೆಯ ವಿಷದಿಂದಲ್ಲ. ಮನುಷ್ಯನನ್ನು ಕೊಲ್ಲುವ ಅಮಾನಿಟವನ್ನು ಗೊಂಡೆಹುಳಗಳು ಆರಾಮವಾಗಿ ಮೇಯುತ್ತವೆ. ಈ ಸೂತ್ರಗಳು ಅಣಬೆಯ ಹೆಸರನ್ನೇ ಕೇಳದೆ ಗುಣವನ್ನು ಹೇಳಹೊರಡುತ್ತವೆ. ಸಾವಿರಾರು ಜಾತಿಗಳಿಗೆ ಸಲ್ಲುವ ಒಂದೇ ಪರೀಕ್ಷೆ ಇರಲು ಕಾರಣವೇ ಇಲ್ಲ, ಏಕೆಂದರೆ ಅವುಗಳ ವಿಷಗಳೇ ಒಂದಲ್ಲ. ಚೆನ್ನಾಗಿ ಕುದಿಸಿದರಾಯಿತು ಎನ್ನುವವರೂ ಇದ್ದಾರೆ. ಅಮಾನಿಟ, ಲೆಪಿಯೋಟಗಳ ಕೆಲವು ಜಾತಿಗಳಲ್ಲಿರುವ ಅಮಾಟಾಕ್ಸಿನ್ ಕುದಿಸಿದರೂ ಒಣಗಿಸಿದರೂ ನಾಶವಾಗುವುದಿಲ್ಲ.

ಮೊಬೈಲಿನ ಆ್ಯಪ್ ಈ ಕಾಲದ ಬೆಳ್ಳಿ ಚಮಚ. ಹತ್ತಿರದ ಕುಲ ಯಾವುದಿರಬಹುದೆಂಬ ಊಹೆಗೆ ಅದು ಒದಗೀತು, ತಿನ್ನುವ ತೀರ್ಮಾನಕ್ಕೆ ಒದಗದು. ಮೇಲಿಂದ ತೆಗೆದ ಫೋಟೋದಲ್ಲಿ ಬೇರಿಲ್ಲ, ಬೀಜಕದ ಬಣ್ಣವಿಲ್ಲ, ಪದರು ಕಾಂಡಕ್ಕೆ ಸೇರುವ ಜಾಗವಿಲ್ಲ. ಯಾವ ಭಾಗ ಮೋಸ ಮಾಡುತ್ತದೋ ಅದನ್ನೇ ಯಂತ್ರಕ್ಕೂ ತೋರಿಸಿದಂತಾಯಿತು. ಶಿಲೀಂಧ್ರಗಳ ಗುರುತಿಗೆ ಐಟಿಎಸ್ ಎಂಬ ಡಿಎನ್‌ಎ ತುಣುಕನ್ನು ವಿಜ್ಞಾನಿಗಳು 2012ರಲ್ಲಿ ಸಾರ್ವತ್ರಿಕ ಮಾನದಂಡವಾಗಿ ಒಪ್ಪಿದ್ದಾರೆ, ನಿಜ. ಅದು ಪ್ರಯೋಗಾಲಯದ ಮಾತು, ಸಂಜೆಯ ಸಾರಿಗೆ ಆಗಿಬರುವುದಲ್ಲ. ಆ್ಯಪ್‌ಗಿಂತ ನನಗೆ ಹೆಚ್ಚು ಆತಂಕ ತರುವುದು ರಸ್ತೆಬದಿಯ ಮಾರಾಟ. ಮಣ್ಣು ಹತ್ತಿದ ಬೇರನ್ನು ಕತ್ತರಿಸಿ, ಚೊಕ್ಕ ಮಾಡಿ, ಎಲೆಯ ಮೇಲೆ ರಾಶಿ ಹಾಕಿ ಮಾರುವಾಗ ಕೊಳ್ಳುವವನ ಮಟ್ಟಿಗೆ ಸಾಕ್ಷ್ಯವೇ ನಾಶವಾದಂತೆ. ಬೇರು ಸಹಿತ ಇದ್ದ ಅಣಬೆಯನ್ನೇ ಕೊಳ್ಳುತ್ತೇನೆಂದು ನಾಲ್ಕು ಜನ ಹಟ ಹಿಡಿದರೆ ಈ ಪದ್ಧತಿ ಬದಲಾಗದೇ ಇರದು.

2022ರ ಏಪ್ರಿಲ್‌ನಲ್ಲಿ ಮೇಲಿನ ಅಸ್ಸಾಮಿನಲ್ಲಿ ಕಾಡಣಬೆ ತಿಂದ 13 ಮಂದಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅಣಬೆ ತಿಂದ ಮೇಲೆ ವಾಂತಿಭೇದಿ ಯಾವಾಗ ಶುರುವಾಯಿತು ಎಂಬುದು ವೈದ್ಯರಿಗೆ ಬಹಳ ಮುಖ್ಯ. ಕ್ಲೋರೋಫಿಲ್ಲಮ್ ಒಂದರಿಂದ ಮೂರು ಗಂಟೆಯೊಳಗೆ ಹೊಟ್ಟೆ ಕೆಡಿಸುತ್ತದೆ. ಹಿಂಸೆ ಹೆಚ್ಚು, ಪ್ರಾಣಾಪಾಯ ಕಡಿಮೆ. ಆರು ಗಂಟೆ ಕಳೆದ ಮೇಲೆ ತೊಂದರೆ ಕಾಣಿಸಿಕೊಂಡರೆ ಅಮಾಟಾಕ್ಸಿನ್ ಇರಬಹುದು. ಅದರಲ್ಲಿ ವಾಂತಿ ನಿಂತು ಒಂದು ದಿನ ಗುಣವಾದಂತೆ ತೋರಿದರೂ ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ಗುಡ್ಡೆಯ ಅಣಬೆ ಅಡುಗೆಮನೆಗೆ ಬಂದ ದಿನ, ಬುಡಸಮೇತ ಕಿತ್ತ ಒಂದು ಹಸಿ ಅಣಬೆಯನ್ನು ಕಾಗದದಲ್ಲಿ ಸುತ್ತಿ ತೆಗೆದಿಡಿ. ತಿಂದವರಲ್ಲಿ ಯಾರಿಗೆ ತೊಂದರೆಯಾದರೂ ಅದನ್ನು ಹಿಡಿದುಕೊಂಡೇ, ತಡಮಾಡದೆ, ದೊಡ್ಡ ಆಸ್ಪತ್ರೆಗೆ ಹೋಗಿ.