ಬಿಸಿಲಿನ ಪೆಟ್ಟು ಮತ್ತು ಜೀವಕೋಶದ ದುರಸ್ತಿ

ಬಿಸಿಲಿಲ್ಲದೆ ಬದುಕಿಲ್ಲ, ನಮ್ಮ ಚರ್ಮವು ವಿಟಮಿನ್ 'ಡಿ' ತಯಾರಿಸುವುದೂ ಬಿಸಿಲಿನ ನೆರವಿನಿಂದಲೇ. ಆದರೆ ಅದೇ ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಚರ್ಮದ ಜೀವಕೋಶಗಳನ್ನು ಹೊಕ್ಕು, ಅವುಗಳ ಆನುವಂಶಿಕ ದ್ರವ್ಯವಾದ ಡಿಎನ್‌ಎಗೆ ಹಾನಿ ಮಾಡುತ್ತವೆ. ದಿನವಿಡೀ ಹೊಲದಲ್ಲಿ ದುಡಿಯುವವರ ಚರ್ಮವೂ ಈ ಪೆಟ್ಟನ್ನು ತಾಳಿಕೊಳ್ಳುವುದು ಹೇಗೆ? ಮೆಲನಿನ್ ಎಂಬ ಚರ್ಮದ ಬಣ್ಣವು ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಅದನ್ನೂ ದಾಟಿ ಬಂದ ಹಾನಿಯನ್ನು ಜೀವಕೋಶದೊಳಗಿನ ಕಿಣ್ವಗಳು ಸರಿಪಡಿಸುತ್ತವೆ.

ಡಿಎನ್‌ಎ ಎಂಬುದು ಒಂದನ್ನೊಂದು ಸುತ್ತಿಕೊಂಡ ಎರಡು ಎಳೆಗಳ ರಚನೆ. ಒಂದು ಎಳೆಯ ಅಡೆನಿನ್ ಎದುರು ಎಳೆಯ ಥೈಮಿನ್‌ನೊಡನೆ, ಗ್ವಾನಿನ್ ಸೈಟೋಸಿನ್‌ನೊಡನೆ ಜೋಡಿಯಾಗಿರುತ್ತದೆ. ಅತಿನೇರಳೆ ಕಿರಣ ತಾಗಿದಾಗ ಒಂದೇ ಎಳೆಯಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಥೈಮಿನ್‌ಗಳು ಪರಸ್ಪರ ಬೆಸೆದುಕೊಳ್ಳಬಹುದು. ಆಗ ಎಳೆ ಸೊಟ್ಟಗಾಗುತ್ತದೆ. ಜೀವಕೋಶ ವಿಭಜನೆಯಾಗುವಾಗ ಅಲ್ಲಿ ನಕಲು ತಪ್ಪಬಹುದು. ಇಂತಹ ತಪ್ಪುಗಳು ಕೂಡಿಕೊಂಡರೆ ಕ್ಯಾನ್ಸರಿಗೆ ದಾರಿಯಾಗುತ್ತದೆ.

ಕೋಟ್ಯಂತರ ಜೋಡಿಗಳ ನಡುವೆ ಕೆಟ್ಟ ಒಂದು ತಾಣವನ್ನು ಗುರುತಿಸುವ ಬಗೆ ಸೋಜಿಗದ್ದು. ಎಕ್ಸ್‌ಪಿಸಿ ಎಂಬ ಪ್ರೋಟೀನು ಬೆಸೆದ ಥೈಮಿನ್‌ಗಳನ್ನೇ ಹುಡುಕುವುದಿಲ್ಲ. ಜೋಡಣೆ ಸಡಿಲಗೊಂಡ ಜಾಗವನ್ನು ಹುಡುಕಿ, ಹಾನಿಯ ಎದುರಿಗಿರುವ ಎಳೆಯನ್ನು ಹಿಡಿದುಕೊಳ್ಳುತ್ತದೆ. ಸೊಟ್ಟ ತೀರ ಅಲ್ಪವಾಗಿದ್ದಲ್ಲಿ ಮತ್ತೊಂದು ಪ್ರೋಟೀನು ಮೊದಲೇ ಅಲ್ಲಿಗೆ ಅಂಟಿಕೊಂಡು ಅದಕ್ಕೆ ನೆರವಾಗುತ್ತದೆ. ಬಳಿಕ ನಡೆಯುವುದು ಪರಿಶೀಲನೆ. ಎಕ್ಸ್‌ಪಿಡಿ ಎಂಬ ಕಿಣ್ವವು ಎಳೆಗಳನ್ನು ಬಿಡಿಸುತ್ತ ಸಾಗಿ, ಹಾನಿಯಿದ್ದಲ್ಲಿ ತಡೆದು ನಿಲ್ಲುತ್ತದೆ. ಹಾನಿ ಖಚಿತವಾದ ಮೇಲೆಯೇ ಎರಡು ಕಿಣ್ವಗಳು ಅದರ ಎರಡೂ ಬದಿಯಲ್ಲಿ ಕತ್ತರಿಸಿ, ಸುಮಾರು 30 ಘಟಕಗಳ ತುಂಡನ್ನು ತೆಗೆದುಹಾಕುತ್ತವೆ. ಎದುರಿನ ಎಳೆಯನ್ನು ಮಾದರಿಯಾಗಿಟ್ಟುಕೊಂಡು ಪಾಲಿಮರೇಸ್ ಆ ತೆರಪನ್ನು ತುಂಬುತ್ತದೆ. ಲಿಗೇಸ್ ತುದಿಗಳನ್ನು ಬೆಸೆಯುತ್ತದೆ. ಈ ಕ್ರಿಯೆಯ ವಿವರಗಳನ್ನು ಬಿಡಿಸಿಟ್ಟ ಅಜೀಜ್ ಸಂಜಾರ್ ಅವರು 2015ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಈ ಕಿಣ್ವಗಳ ಬೆಲೆ ತಿಳಿಯುವುದು ಅವು ಕೆಲಸ ಮಾಡದಿರುವಾಗ. ಜೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ವಿರಳ ಕಾಯಿಲೆಯಲ್ಲಿ ದುರಸ್ತಿಯ ಲೋಪವಿರುವುದನ್ನು 1968ರಲ್ಲಿ ಜೇಮ್ಸ್ ಕ್ಲೀವರ್ ತೋರಿಸಿದರು. ಇಂತಹ ಮಕ್ಕಳಿಗೆ ಎಳವೆಯಲ್ಲೇ ಮುಖ, ಕೈಗಳ ಮೇಲೆ ದಟ್ಟವಾದ ಕಂದು ಚುಕ್ಕೆಗಳು ಮೂಡುತ್ತವೆ, ಚರ್ಮ ಒಣಗುತ್ತದೆ, ಕಣ್ಣು ಬೆಳಕನ್ನು ಸಹಿಸದು. ಬಾಲ್ಯದಲ್ಲೇ ಚರ್ಮದ ಕ್ಯಾನ್ಸರ್ ಬರಬಹುದು.

ಇದು ಅಂಟುರೋಗವಲ್ಲ, ಶಾಪವೂ ಅಲ್ಲ, ಹೆತ್ತವರ ಪಾಪಫಲವೂ ಅಲ್ಲ. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಒಂದೇ ಜೀನು ಬಂದಾಗ ಮಾತ್ರ ರೋಗ ಕಾಣಿಸುತ್ತದೆ. ಇಬ್ಬರಲ್ಲೂ ಆ ಜೀನು ಅಡಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ನಮ್ಮಲ್ಲಿ ಇಂದಿಗೂ ಇದೆ. ರಕ್ತಸಂಬಂಧದ ಇಂತಹ ವಿವಾಹಗಳಲ್ಲಿ ಈ ಅಪಾಯ ಹೆಚ್ಚು. ಆದುದರಿಂದ ಮನೆತನದಲ್ಲಿ ಈ ಕಾಯಿಲೆ ಇದ್ದವರು ವಿವಾಹ ನಿಶ್ಚಯಿಸುವ ಮುನ್ನ ಆನುವಂಶಿಕ ರೋಗತಜ್ಞರ ಸಲಹೆ ಪಡೆಯುವುದು ಒಳಿತು.

ಪೂರ್ಣವಾಗಿ ಗುಣಪಡಿಸುವ ಚಿಕಿತ್ಸೆ ಇಲ್ಲದಿದ್ದರೂ, ಮೈ ಮುಚ್ಚುವ ಬಟ್ಟೆ, ಅಗಲವಾದ ಟೊಪ್ಪಿಗೆ, ಕಿರಣ ತಡೆಯುವ ಕನ್ನಡಕ ಮತ್ತು ಲೇಪನ, ನಿಯಮಿತ ತಪಾಸಣೆಗಳಿಂದ ಮಗುವಿನ ಆಯುಸ್ಸನ್ನು ಹೆಚ್ಚಿಸಬಹುದು. ಬಿಸಿಲಿನಿಂದ ದೂರವಿರುವ ಮಗುವಿಗೆ ವಿಟಮಿನ್ 'ಡಿ'ಯನ್ನು ವೈದ್ಯರ ಸಲಹೆಯಂತೆ ಕೊಡಬೇಕು.

ಆರೋಗ್ಯವಂತರಲ್ಲಿಯೂ ಈ ದುರಸ್ತಿಗೆ ಮಿತಿಯುಂಟು. ನಡುಹಗಲಿನ ಬಿಸಿಲಿನಲ್ಲಿ ತಲೆ, ಮೈ ಮುಚ್ಚಿಕೊಳ್ಳುವುದು, ವಾರಗಳು ಕಳೆದರೂ ಮಾಯದ ಹುಣ್ಣನ್ನು, ಬಣ್ಣವೋ ಗಾತ್ರವೋ ಬದಲಾಗುವ ಮಚ್ಚೆಯನ್ನು ವೈದ್ಯರಿಗೆ ತೋರಿಸುವುದು ಎಲ್ಲರಿಗೂ ಹಿತಕರ.