ಘತ್ತರಗಿ: ಹೊಳಿ ದಾಟುವ ಖರ್ಚು

ಅಮಾಸಿ ದಿನ ಘತ್ತರಗಿಯ ಭೀಮಾ ದಂಡೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಭಾಗ್ಯವಂತಿ ದೇವಿಗೆ ಉಡಿ ತುಂಬಲು, ಹರಕೆ ಮುಟ್ಟಿಸಲು ಕಲಬುರಗಿ, ವಿಜಯಪುರ ಜಿಲ್ಲೆಗಳ ಹಳ್ಳಿಹಳ್ಳಿಯಿಂದ ಜನ ಬರುತ್ತಾರೆ. ಗಡಿಯಾಚೆ ಸೋಲಾಪುರದ ಕಡೆಯವರೂ ಇರುತ್ತಾರೆ. ಮೊದಲು ಹೊಳಿ ಸ್ನಾನ, ಆಮೇಲೆ ಗುಡಿ. ಅಫಜಲಪುರ ತಾಲ್ಲೂಕಿನ ಈ ಊರಿಗೆ ದೇವಿಯಿಂದ ಹೆಸರು ಬಂದಿದ್ದರೆ, ದಿನದ ಬದುಕು ನಡೆಯುವುದು ಅದೇ ಹೊಳಿಗೆ ಅಡ್ಡವಾಗಿ ನಿಂತ ಸೇತುವೆಯ ಮೇಲೆ. ಆಚೆ ದಂಡೆಯ ಜೇವರ್ಗಿ, ಸಿಂದಗಿ ಸೀಮೆಯ ಜನಕ್ಕೆ ಇತ್ತ ಬರಲು ಇದೇ ಹತ್ತಿರದ ದಾರಿ.

ಇದು ಬರೀ ಸೇತುವೆಯಲ್ಲ, ಬ್ರಿಜ್ ಕಂ ಬ್ಯಾರೇಜ್. ಮೇಲೆ ಗಾಡಿ, ಕೆಳಗೆ ಗೇಟು. ಮಳೆಗಾಲ ಮುಗಿದ ಮೇಲೆ ಗೇಟು ಹಾಕಿ ನೀರು ನಿಲ್ಲಿಸಿದರೆ ಬೇಸಿಗೆಗೆ ಕುಡಿಯಲು ಸಿಕ್ಕೀತು, ದಂಡೆಯ ಪಂಪುಗಳಿಗೆ ಕಬ್ಬಿನ ಮಟ್ಟಿಗಾದರೂ ಆದೀತು. ಭೀಮಾಶಂಕರದಲ್ಲಿ ಹುಟ್ಟಿ 861 ಕಿಲೋಮೀಟರ್ ಹರಿಯುವ ಈ ನದಿಯ ಮುಖ್ಯ ಹರಿವಿನಲ್ಲಿ 1976ರ ಬಚಾವತ್ ನ್ಯಾಯಮಂಡಳಿಯ ತೀರ್ಪು ಕರ್ನಾಟಕಕ್ಕೆ ಕೊಟ್ಟಿದ್ದು 15 ಟಿಎಂಸಿ. ಅದನ್ನು ಹಿಡಿದಿಟ್ಟುಕೊಳ್ಳಲು ಸೊನ್ನ, ಘತ್ತರಗಿ, ಗಾಣಗಾಪುರ, ಕಲ್ಲೂರ-ಚಿನಮಳ್ಳಿ ಎಂದು ಸಾಲಾಗಿ ಬ್ಯಾರೇಜುಗಳು ಎದ್ದವು. ಒಂದೇ ಕಾಮಗಾರಿಯಲ್ಲಿ ರಸ್ತೆಯೂ ಆಯಿತು, ನೀರೂ ನಿಂತಿತು. ದುಡ್ಡಿನ ಲೆಕ್ಕದಲ್ಲಿ ಅದು ಜಾಣತನವೇ.

ಆದರೆ ಆ ಜಾಣತನಕ್ಕೆ ತೆತ್ತ ಬೆಲೆ ಎತ್ತರ: ಸೇತುವೆ ತಗ್ಗಾಗಿಯೇ ಉಳಿಯಿತು. ಮಹಾರಾಷ್ಟ್ರದ ಉಜನಿ ಜಲಾಶಯ ತುಂಬಿ ನೀರು ಬಿಟ್ಟರು ಎಂಬ ಸುದ್ದಿ ಬಂದರೆ ಘತ್ತರಗಿಯವರ ಕಣ್ಣು ಸೇತುವೆಯ ಕಡೆ ಹೋಗುತ್ತದೆ. 117 ಟಿಎಂಸಿಯ ಆ ಜಲಾಶಯದ ಜೊತೆಗೆ ಸೀನಾ ನದಿಯೂ ಉಕ್ಕಿದರೆ ಸೊನ್ನ ಬ್ಯಾರೇಜಿನಿಂದ ಲಕ್ಷಗಟ್ಟಲೆ ಕ್ಯುಸೆಕ್ ಇಳಿದು ಬರುತ್ತದೆ. 2020ರ ಅಕ್ಟೋಬರಿನಲ್ಲಿ ಹಾಗೇ ಆಯಿತು. ಘತ್ತರಗಿ ಸೇತುವೆ ಮುಳುಗಿತು, ಕೆಳಗಿನ ಗಾಣಗಾಪುರದ್ದೂ ಮುಳುಗಿತು. ಒಂದು ಬಂದ್ ಆದರೆ ಇನ್ನೊಂದರ ಮೇಲೆ ಹೋಗೋಣ ಎನ್ನುವಂತಿಲ್ಲ. ಟಂಟಂ ನಿಂತಿತು ಎಂದರೆ ಕಾಲೇಜು ಹುಡುಗರು ಮನೆಯಲ್ಲಿ, ಹೆರಿಗೆ ನೋವಿನ ಹೆಂಗಸು ಸುತ್ತು ದಾರಿಯಲ್ಲಿ. ಈ ನಷ್ಟವನ್ನು ಯಾವ ಅಂದಾಜು ಪತ್ರಿಕೆಯೂ ಬರೆದುಕೊಳ್ಳುವುದಿಲ್ಲ. ಮಹಾನವಮಿ ಅಮಾಸಿಯ ಜಾತ್ರೆಯಂಥ ಜನಸಂದಣಿ, ಹೊಳಿ ಬರುವ ಕಾಲ ಎರಡೂ ಒಂದೇ ಹೊತ್ತಿಗೆ ಬೀಳುವುದು ಈ ಊರಿನ ಕಷ್ಟವನ್ನು ಇಮ್ಮಡಿ ಮಾಡುತ್ತದೆ.

ಹಾಗಾದರೆ ನೀರಿಗೇ ತಾಗದಂಥ ತೂಗುಸೇತುವೆ ಕಟ್ಟಬಾರದೇಕೆ? ಕೇಳುವ ಮಾತೇ. ತೂಗುಸೇತುವೆಯ ದುಡ್ಡು ಹೋಗುವುದು ಮೂರು ಕಡೆ: ಎತ್ತರದ ಗೋಪುರ, ಉಕ್ಕಿನ ಎಳೆಗಳನ್ನು ಕಟ್ಟು ಮಾಡಿ ಹೆಣೆದ ಹಗ್ಗ, ಆ ಹಗ್ಗದ ಎಳೆತವನ್ನು ತಡೆಯಲು ಎರಡೂ ದಂಡೆಯಲ್ಲಿ ಹೂಳುವ ಕಾಂಕ್ರೀಟಿನ ಗುಡ್ಡದಂಥ ಲಂಗರು. ನಡುವೆ ಕಂಬ ಎಬ್ಬಿಸಲು ಬಾರದ ಕಡೆ ಮಾತ್ರ ಈ ಖರ್ಚಿಗೆ ಅರ್ಥ. ಭೀಮೆಯಲ್ಲಿ ಬೇಸಿಗೆಗೆ ನೀರು ಇಳಿದಾಗ ಪಾತ್ರದಲ್ಲೇ ನಿಂತು ಪಾಯ ತೆಗೆಯಬಹುದು. ಕಬ್ಬು ಹೇರಿದ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರಿನ ಭಾರ ಹೊರಲು ಇಲ್ಲಿ ಬೇಕಿರುವುದು ಗಟ್ಟಿ ಕಂಬದ ಎತ್ತರದ ಸೇತುವೆ.

ತೂಗುಸೇತುವೆ ಎಂದರೆ ಕೋಟಿಗಟ್ಟಲೆ ಖರ್ಚು ಎಂದೇನೂ ಅಲ್ಲ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಕಟ್ಟಿದ ಕಾಲುಸೇತುವೆಯಿಂದ ಶುರುಮಾಡಿ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಆದರೆ ಅವು ನಡೆದು ಹೋಗುವವರಿಗೆ. ಗಾಡಿಗಳಿಗೆ ಎಂದ ಕೂಡಲೇ ಲೆಕ್ಕ ಬೇರೆ. ಶರಾವತಿ ಹಿನ್ನೀರಿನಲ್ಲಿ 2025ರ ಜುಲೈ 14ರಂದು ತೆರೆದ ಸಿಗಂದೂರು ಸೇತುವೆ (ಅದು ಗೋಪುರದಿಂದ ನೇರ ಕೇಬಲ್ ಇಳಿಸಿದ ಬಗೆಯದು, ತೂಗುಸೇತುವೆಯಲ್ಲ) ಸುಮಾರು 470 ಕೋಟಿ ರೂಪಾಯಿ ತೆಗೆದುಕೊಂಡಿತು. ಅಮೆರಿಕದ ಗೋಲ್ಡನ್ ಗೇಟ್ 1937ರಲ್ಲಿ ಮುಗಿದಾಗ ಅದರ ಸಾಲ 3.5 ಕೋಟಿ ಡಾಲರ್. ತೀರಿದ್ದು 1971ಕ್ಕೆ. ಅಷ್ಟರಲ್ಲಿ ಕಟ್ಟಿದ ಬಡ್ಡಿಯೇ ಸುಮಾರು 3.9 ಕೋಟಿ, ಅಸಲಿಗಿಂತ ಹೆಚ್ಚು! ಎಲ್ಲವೂ ದಾಟುವವರ ಟೋಲಿನಿಂದ. ಸಾಲ ತೀರಿದರೂ ಟೋಲ್ ನಿಲ್ಲಲಿಲ್ಲ, ಏಕೆಂದರೆ ಉಪ್ಪುಗಾಳಿ ತುಕ್ಕು ಹಿಡಿಸುವುದನ್ನು ನಿಲ್ಲಿಸಿರಲಿಲ್ಲ. ಬಣ್ಣ ಹಚ್ಚುವ ಕೆಲಸಗಾರರು ಅಲ್ಲಿ ವರ್ಷವಿಡೀ ದುಡಿಯುತ್ತಾರೆ.

ಆ ಕೆಲಸ ಬಿಟ್ಟರೆ ಏನಾಗುತ್ತದೆ ಎಂದು ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ. ಗುಜರಾತಿನ ಮೋರ್ಬಿಯ ಹಳೆಯ ತೂಗುಸೇತುವೆಗೆ ಹೊಸ ಅಲ್ಯೂಮಿನಿಯಂ ಹಾಸು ಹಾಕಿ, ಜನರನ್ನು ಬಿಟ್ಟು ಇನ್ನೂ ವಾರ ತುಂಬಿರಲಿಲ್ಲ. 2022ರ ಅಕ್ಟೋಬರ್ 30ರ ಸಂಜೆ ಹಗ್ಗ ಹರಿಯಿತು. 135 ಮಂದಿ ಸತ್ತರು. ಮುಖ್ಯ ಕೇಬಲಿನ 49 ಎಳೆಗಳಲ್ಲಿ 22 ಮೊದಲೇ ತುಕ್ಕು ತಿಂದಿದ್ದವು ಎಂದು ತನಿಖೆ ಹೇಳಿತು. ಕಣ್ಣಿಗೆ ಕಾಣುವ ಹಾಸಿಗೆ ದುಡ್ಡಿತ್ತು, ಕಾಣದ ಎಳೆಗೆ ಇರಲಿಲ್ಲ.

ಘತ್ತರಗಿಗೆ ಈ ಮಾತು ಏಕೆ ಬೇಕು ಎಂದರೆ, ಇಲ್ಲಿಯೂ ಸೇತುವೆಯ ಆಯುಷ್ಯ ಇರುವುದು ಕಾಣದ ಕಡೆಯಲ್ಲೇ. ಹೊಳಿ ಇಳಿದ ಮೇಲೆ ಯಾವುದೇ ಮುಳುಗು ಸೇತುವೆಯ ಕೆಳಗೆ ಹೋಗಿ ನೋಡಿ. ಕಂಬಗಳ ನಡುವೆ ಜಾಲಿಕಂಟಿ, ಕಬ್ಬಿನ ರವದಿ, ಹರಿದ ಚೀಲ ಸಿಕ್ಕಿಕೊಂಡಿರುತ್ತವೆ. ಕಸ ಕಟ್ಟಿದಷ್ಟೂ ನೀರಿನ ಒತ್ತು ಕಂಬದ ಮೇಲೆ ಹೆಚ್ಚು, ಸೆಳವು ಕಂಬದ ಬುಡದ ಮಣ್ಣನ್ನು ಕೆದರುತ್ತದೆ. ಗೇಟಿನ ಅಂಚಿನ ರಬ್ಬರ್ ಪಟ್ಟಿ ಹರಿದಿದ್ದರೆ ಚಳಿಗಾಲದಲ್ಲಿ ನಿಲ್ಲಿಸಿದ ನೀರು ಬೇಸಿಗೆ ಬರುವಷ್ಟರಲ್ಲಿ ಸೋರಿ ಹೋಗಿರುತ್ತದೆ. ಹೂಳು ತುಂಬಿದರೆ ಗೇಟು ಕೂರುವುದೇ ಇಲ್ಲ. ಒಂದು ರಬ್ಬರ್ ಪಟ್ಟಿಯ ಬೆಲೆ ಸೇತುವೆಯ ಬೆಲೆಯ ಎದುರು ಏನೇನೂ ಅಲ್ಲ. ಆದರೂ ಮೊದಲು ಕಡಿತವಾಗುವುದು ಅದೇ. ಹೊಸ ಕಾಮಗಾರಿಗೆ ಅಡಿಗಲ್ಲು ಉಂಟು, ಹಾರ ಉಂಟು. ಎಣ್ಣೆ ಹಾಕಿದ್ದಕ್ಕೆ, ಹೂಳು ತೆಗೆದಿದ್ದಕ್ಕೆ ಯಾರೂ ಫಲಕ ಹಾಕಿಸುವುದಿಲ್ಲ.

ಭೀಮೆಗೆ ಎತ್ತರದ ಸೇತುವೆ ಬೇಕೆಂಬ ಬೇಡಿಕೆ ನ್ಯಾಯವಾದದ್ದು. ಒಂದು ಮಹಾಪೂರದ ಪರಿಹಾರ, ದುರಸ್ತಿ, ವಾರಗಟ್ಟಲೆ ಸುತ್ತಿ ಬಳಸಿ ಸುಟ್ಟ ಡೀಸೆಲ್ ಎಲ್ಲವನ್ನೂ ಕೂಡಿಸಿದರೆ ಎತ್ತರಕ್ಕೆ ಹಾಕುವ ದುಡ್ಡು ದುಬಾರಿ ಅನ್ನಿಸಲಾರದು. ಆದರೆ ಬೇಡಿಕೆಯ ಪತ್ರದಲ್ಲಿ ಎರಡನೆಯ ಸಾಲೂ ಇರಲಿ: ಕಟ್ಟುವ ದಿನವೇ ಪ್ರತಿ ವರ್ಷದ ನಿರ್ವಹಣೆಗೆ ಬೇರೆ ಹಣ ತೆಗೆದಿಡಬೇಕು, ಅದನ್ನು ಬೇರೆ ಕೆಲಸಕ್ಕೆ ಮುಟ್ಟಬಾರದು. ಈಗಿರುವ ಬ್ಯಾರೇಜಿನ ಕಂಬ, ಗೇಟು, ಹೂಳಿನ ತಪಾಸಣೆ ಪ್ರತಿ ವರ್ಷ ಮೇ ತಿಂಗಳೊಳಗೆ ಮುಗಿಯಬೇಕು. ಅದರ ವರದಿಯನ್ನು ಕನ್ನಡದಲ್ಲಿ ಘತ್ತರಗಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಹೊಳಿ ದಾಟುವವರೆಲ್ಲರೂ ಇದನ್ನು ಕೇಳಿ ಪಡೆಯಬೇಕು.